ಕುದುರೆ ಮತ್ತು ಹರಿದ ತಂತಿ

ವೀಣೆ, ತಂಬೂರಿಗಳಲ್ಲಿ ತಂತಿಯನ್ನು ಹೊತ್ತು ನಿಲ್ಲುವ ಭಾಗಕ್ಕೆ ಕುದುರೆ ಎಂದು ಹೆಸರು. ಗಿಟಾರಿನವರು ಅದನ್ನು ಬ್ರಿಜ್ ಎನ್ನುತ್ತಾರೆ. ಎಲೆಕ್ಟ್ರಿಕ್ ಗಿಟಾರಿನ ಚರಿತ್ರೆಯನ್ನು ನಾದದ ಕಡೆಯಿಂದ ಹೇಳುವುದೇ ರೂಢಿ. ಹರಿದ ತಂತಿಯನ್ನು ಬದಲಿಸುವ ಬೆರಳುಗಳ ಕಡೆಯಿಂದ ನೋಡಿದರೆ ಕಥೆ ಬೇರೆಯೇ ಆಗುತ್ತದೆ.

ಕ್ಯಾಲಿಫೋರ್ನಿಯಾದ ಫುಲರ್ಟನ್‌ನಲ್ಲಿ ರೇಡಿಯೊ ರಿಪೇರಿ ಅಂಗಡಿ ಇಟ್ಟಿದ್ದ ಲಿಯೊ ಫೆಂಡರ್‌ಗೆ ಗಿಟಾರ್ ನುಡಿಸಲು ಬರುತ್ತಿರಲಿಲ್ಲ. ಆದರೆ ಬಿಚ್ಚಿ ಜೋಡಿಸುವವರ ಪಾಡು ಚೆನ್ನಾಗಿ ಗೊತ್ತಿತ್ತು. 1950ರ ದಶಕದ ಆರಂಭದ ಅವರ ಟೆಲಿಕಾಸ್ಟರ್ ಗಿಟಾರಿನಲ್ಲಿ ತಂತಿಯನ್ನು ಮರದ ಬೆನ್ನಿನಿಂದ ತೂರಿಸಿ, ಕುದುರೆಯ ಮೇಲೆ ಹಾಯಿಸಿ, ಬಿರಡೆಗೆ ಸುತ್ತಿದರೆ ಕೆಲಸ ಮುಗಿಯಿತು.

ಇಷ್ಟು ಸರಳವಾಗಿ ಉಳಿಯಲು ಸಂಗೀತ ಬಿಡಲಿಲ್ಲ. ಸ್ವರವನ್ನು ತೂಗಾಡಿಸುವ ಹಿಡಿಕೆ ಎಲ್ಲರಿಗೂ ಬೇಕಾಯಿತು. ಪಾಲ್ ಬಿಗ್ಸ್‌ಬಿ ರೂಪಿಸಿದ ಸಾಧನದಲ್ಲಿ ತಂತಿಯ ತುದಿಯ ಪುಟ್ಟ ಲೋಹದ ಗುಂಡನ್ನು ಉರುಟು ದಂಡದ ಮೇಲಿನ ಮೊಳೆಗೆ ಸಿಕ್ಕಿಸಬೇಕು. ಆಮೇಲೆ ತಂತಿಯನ್ನು ದಂಡಕ್ಕೆ ಬಳಸಿ ಬಿರಡೆಯವರೆಗೆ ಎಳೆಯಬೇಕು. ಎಳೆತ ಒಂದಿಷ್ಟು ಸಡಿಲವಾದರೆ ಸಾಕು, ಗುಂಡು ಮೊಳೆಯಿಂದ ಜಾರುತ್ತದೆ. ಮತ್ತೆ ಮೊದಲಿನಿಂದ ಶುರು. ಅದಕ್ಕೇ ಅನುಭವಸ್ಥರು ತಂತಿಯ ತುದಿಯನ್ನು ಮೊದಲೇ ದಂಡದ ದುಂಡಿಗೆ ತಕ್ಕಂತೆ ಬಗ್ಗಿಸಿಕೊಳ್ಳುತ್ತಾರೆ. ಸ್ಪಂಜಿನ ತುಂಡೊಂದನ್ನು ಅಡಿಗೆ ತುರುಕಿ ಗುಂಡನ್ನು ಅಲುಗದಂತೆ ಹಿಡಿಸುವವರೂ ಇದ್ದಾರೆ.

ಫೆಂಡರ್ ಅವರದೇ 1954ರ ಸ್ಟ್ರಾಟೊಕಾಸ್ಟರ್ ಇನ್ನೊಂದು ಬಗೆಯ ಕಷ್ಟ ತಂದಿತು. ಇದರ ಕುದುರೆ ತಕ್ಕಡಿಯಿದ್ದಂತೆ: ಒಂದು ಕಡೆ ಆರು ತಂತಿಗಳ ಎಳೆತ, ಇನ್ನೊಂದು ಕಡೆ ಬೆನ್ನಿನ ಗೂಡಿನಲ್ಲಿರುವ ಸ್ಪ್ರಿಂಗುಗಳ ಎಳೆತ. ತಂತಿಯೊಂದು ಹರಿದರೆ ಸ್ಪ್ರಿಂಗುಗಳ ಕೈ ಮೇಲಾಗಿ ಉಳಿದ ಐದರ ಶ್ರುತಿಯೂ ಏರಿಬಿಡುತ್ತದೆ. ಹೊಸ ತಂತಿಯನ್ನು ಬಿಗಿದಂತೆ ಅವು ಇಳಿಯುತ್ತವೆ. ಒಂದನ್ನು ತಿದ್ದಿದರೆ ಇನ್ನೊಂದು ಕೆಡುತ್ತದೆ, ಎರಡು ಮೂರು ಸುತ್ತು ಬಂದ ಮೇಲಷ್ಟೇ ಎಲ್ಲವೂ ನಿಲ್ಲುತ್ತವೆ. ಬೆನ್ನಿನ ಮುಚ್ಚಳದ ತೂತುಗಳ ಮೂಲಕ ತಂತಿ ತೂರಿಸುವ ಪೇಚಾಟ ಬೇಡವೆಂದು ಮುಚ್ಚಳವನ್ನೇ ಕಿತ್ತಿಟ್ಟ ವಾದಕರು ಬಹಳ.

ಗಿಬ್ಸನ್ ಕಂಪನಿಯ ಟ್ಯೂನ್-ಒ-ಮ್ಯಾಟಿಕ್ ಕುದುರೆ ಬಂದದ್ದೂ ಅದೇ ಹೊತ್ತಿಗೆ. ತಂತಿಗಳನ್ನೆಲ್ಲ ಒಟ್ಟಿಗೆ ತೆಗೆದರೆ ಅದು ನಿಂತ ಜಾಗದಿಂದ ಕಳಚಿಕೊಂಡು ಬರುತ್ತಿತ್ತು.

ಹಿಡಿಕೆ ಜಗ್ಗಿದಾಗ ಶ್ರುತಿ ಕೆಡುವ ಸಮಸ್ಯೆಗೆ ಅತಿ ಬಿಗಿಯಾದ ಉತ್ತರ ಕೊಟ್ಟದ್ದು ಆಭರಣ ಕೆಲಸ ಬಲ್ಲ ಫ್ಲಾಯ್ಡ್ ರೋಸ್. 1970ರ ದಶಕದ ಕೊನೆಯಲ್ಲಿ ಅವರು ತಂತಿಯನ್ನು ಎರಡೂ ಕಡೆ ಅದುಮಿ ಹಿಡಿಯುವ ವ್ಯವಸ್ಥೆ ಮಾಡಿದರು. ಹಿಡಿಕೆಯನ್ನು ಎಷ್ಟೇ ಜಗ್ಗಿದರೂ ಶ್ರುತಿ ಕದಲುವುದು ತೀರಾ ಕಡಿಮೆ. ಅದು ದೊಡ್ಡ ಸಾಧನೆಯೇ ಸರಿ. ಬೆಲೆ ತೆತ್ತದ್ದು ಮಾತ್ರ ತಂತಿ ಬದಲಿಸುವವರು. ಗುಂಡನ್ನು ಇಕ್ಕಳದಿಂದ ಕತ್ತರಿಸಿ, ತುದಿಯನ್ನು ಸಣ್ಣ ಉಕ್ಕಿನ ತುಂಡಿನ ಮುಂದೆ ಇಟ್ಟು, ಆಲೆನ್ ಕೀಯಿಂದ ಬಿಗಿಯಬೇಕು. ಹೆಚ್ಚು ಸಡಿಲಿಸಿದರೆ ಆ ಉಕ್ಕಿನ ತುಂಡು ಉದುರಿ ಹೋಗುತ್ತದೆ.

ಬೆರಳುಗಳಿಗೆ ನಿಜವಾದ ಬಿಡುವು ಸಿಕ್ಕಿದ್ದು ಪೀಠೋಪಕರಣ ವಿನ್ಯಾಸದಿಂದ ಬಂದ ನೆಡ್ ಸ್ಟೈನ್‌ಬರ್ಗರ್ ಅವರಿಂದ. 1980ರ ಸುಮಾರಿಗೆ ಬಂದ ಅವರ ಬೇಸ್ ಗಿಟಾರಿಗೆ ತಲೆಯೇ ಇಲ್ಲ. ಬಿರಡೆಗಳೆಲ್ಲ ಕುದುರೆಯ ಬಳಿಯೇ ಇವೆ. ಎರಡೂ ತುದಿಗೆ ಗುಂಡಿರುವ ತಂತಿಯನ್ನು ಆಚೀಚೆ ಕೂರಿಸಿ ತಿರುಗಿಸಿದರೆ ಆಯಿತು, ಸುತ್ತುವುದೂ ಇಲ್ಲ, ಕತ್ತರಿಸುವುದೂ ಇಲ್ಲ. ಆದರೆ ಅಂಥ ತಂತಿ ಎಲ್ಲ ಅಂಗಡಿಗಳಲ್ಲಿ ಸಿಗುವಂಥದ್ದಲ್ಲ. ಊರೂರು ತಿರುಗಿ ನುಡಿಸುವವರು ಇನ್ನೊಂದು ಸೆಟ್ಟನ್ನು ಚೀಲದಲ್ಲಿ ಹಾಕಿಕೊಂಡೇ ಹೊರಡಬೇಕಿತ್ತು.