ಯಂತ್ರ ಕಟ್ಟುವ ಕೈಗಳು: ಹರಿಹರ-ದಾವಣಗೆರೆಯ ಲೋಹ ಕುಶಲಕರ್ಮಿಗಳು

ದಾವಣಗೆರೆ: ಹರಿಹರದಲ್ಲಿ ಯಂತ್ರಾಪುರ ಎಂಬ ಹೆಸರಿನ ಬಡಾವಣೆಯಿದೆ. ಹೆಸರಿಗೆ ಕಾರಣವಾದ ಕಾರ್ಖಾನೆ ಈಗಿಲ್ಲ. 1941ರಲ್ಲಿ ಸ್ಥಾಪನೆಯಾದ ಮೈಸೂರು ಕಿರ್ಲೋಸ್ಕರ್ ಕಂಪನಿ ಇಲ್ಲಿ ಲೇತ್ ಯಂತ್ರಗಳನ್ನು ತಯಾರಿಸುತ್ತಿತ್ತು. ತಿರುಗುವ ಲೋಹದ ತುಂಡನ್ನು ಹರಿತವಾದ ಉಳಿಯಿಂದ ಕಡೆದು ಬೇಕಾದ ಅಳತೆಗೆ ತರುವ ಯಂತ್ರವೇ ಲೇತ್. ಇತರ ಯಂತ್ರಗಳ ಬಿಡಿಭಾಗಗಳನ್ನು ರೂಪಿಸಲು ಇದು ಬೇಕಾಗುವುದರಿಂದ ಇದನ್ನು ಯಂತ್ರಗಳ ತಾಯಿ ಎಂದೂ ಕರೆಯುತ್ತಾರೆ. ಬೆಂಗಳೂರಿನ ಎಚ್‌ಎಂಟಿ ಆರಂಭವಾದದ್ದು 1953ರಲ್ಲಿ. ಅದಕ್ಕೂ 12 ವರ್ಷ ಮೊದಲೇ ತುಂಗಭದ್ರೆಯ ದಡದಲ್ಲಿ ಈ ಉದ್ಯಮ ಬೇರೂರಿತ್ತೆಂಬುದು ರಾಜಧಾನಿಯ ಓದುಗರಿಗೆ ಅಷ್ಟಾಗಿ ತಿಳಿದಿಲ್ಲ.

ಬೆಳಗಾವಿ ಸೀಮೆಯ ಗುರ್ಲಹೊಸೂರಿನಲ್ಲಿ ಜನಿಸಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ ಬೆಳಗಾವಿಯಲ್ಲಿ ಸೈಕಲ್ ಅಂಗಡಿಯಿಂದ ಆರಂಭಿಸಿ, ಕಬ್ಬಿಣದ ನೇಗಿಲು ತಯಾರಿಕೆಗೆ ಇಳಿದು, 1910ರಲ್ಲಿ ಕಿರ್ಲೋಸ್ಕರವಾಡಿಯನ್ನು ಕಟ್ಟಿದವರು. ಅವರ ಮನೆತನದ ಉದ್ಯಮ ಹರಿಹರಕ್ಕೆ ಬಂದಾಗ ಈ ಊರು ಮೈಸೂರು ಸಂಸ್ಥಾನದ ಗಡಿ. ಹೊಳೆಯಾಚೆ ಮುಂಬಯಿ ಪ್ರಾಂತ್ಯ. ನೀರು, ರೈಲು ಎರಡೂ ಇದ್ದವು. ಸುಮಾರು 14 ಕಿ.ಮೀ. ದೂರದ ದಾವಣಗೆರೆಯ ಹತ್ತಿ ಗಿರಣಿಗಳಲ್ಲಿಯೂ ಯಂತ್ರ ರಿಪೇರಿ ಬಲ್ಲ ಫಿಟ್ಟರ್‌ಗಳು ಬೇಕಾಗಿದ್ದರು. 1951ರಲ್ಲಿ ದಾವಣಗೆರೆಗೆ ಎಂಜಿನಿಯರಿಂಗ್ ಕಾಲೇಜು ಬಂತು. ಅದೇ ಇಂದಿನ ಯುಬಿಡಿಟಿ ಕಾಲೇಜು.

ಆದರೆ ಲೇತ್ ತಯಾರಾಗುವುದು ಎಂಜಿನಿಯರನ ನಕ್ಷೆಯಿಂದಷ್ಟೇ ಅಲ್ಲ. ಪ್ಯಾಟರ್ನ್ ಮೇಕರ್ ಮರದಲ್ಲಿ ಮಾದರಿ ಕೆತ್ತುತ್ತಾನೆ. ಮೌಲ್ಡರ್ ಅದನ್ನು ಮರಳಿನಲ್ಲಿ ಒತ್ತಿ ಅಚ್ಚು ಮಾಡಿ ಕರಗಿದ ಕಬ್ಬಿಣ ಹೊಯ್ಯುತ್ತಾನೆ. ಟರ್ನರ್ ಮತ್ತು ಮೆಷಿನಿಸ್ಟ್ ಭಾಗಗಳನ್ನು ಅಳತೆಗೆ ತರುತ್ತಾರೆ, ಫಿಟ್ಟರ್ ಜೋಡಿಸುತ್ತಾನೆ.

ಇವುಗಳಲ್ಲಿ ಅತ್ಯಂತ ಸೂಕ್ಷ್ಮವಾದದ್ದು ಲೇತಿನ ಬೆಡ್ ಹೆರೆಯುವ ಕೆಲಸ. ಹೊಸದಾಗಿ ಎರಕ ಹೊಯ್ದ ಕಬ್ಬಿಣದೊಳಗೆ ಬಿಗಿತ ಉಳಿದಿರುತ್ತದೆ. ಹಾಗೆಯೇ ಬಳಸಿದರೆ ಕಾಲಕ್ರಮದಲ್ಲಿ ಸೊಟ್ಟಗಾಗುತ್ತದೆ. ಹೀಗಾಗಿ ಅದನ್ನು ತಿಂಗಳುಗಟ್ಟಲೆ ಬಯಲಿನಲ್ಲಿ ಬಿಡುವ, ಇಲ್ಲವೇ ಕುಲುಮೆಯಲ್ಲಿ ಹದವಾಗಿ ಕಾಯಿಸುವ ಪದ್ಧತಿಯಿದೆ. ಬಳಿಕ ಯಂತ್ರದಲ್ಲಿ ನಯಗೊಳಿಸಿದ ಬೆಡ್ಡಿನ ಮೇಲೆ, ನೀಲಿ ಬಣ್ಣ ಸವರಿದ ಸಮತಟ್ಟಾದ ಫಲಕವನ್ನು ಉಜ್ಜುತ್ತಾರೆ. ಉಬ್ಬಿರುವೆಡೆ ನೀಲಿ ಅಂಟುತ್ತದೆ. ಆ ಚುಕ್ಕೆಗಳನ್ನಷ್ಟೇ ಕೈ ಉಳಿಯಿಂದ ಹೆರೆದು ಮತ್ತೆ ನೀಲಿ ಉಜ್ಜಬೇಕು. ಒಂದು ಸಲಕ್ಕೆ ಹೋಗುವ ಲೋಹ ಮಿಲಿಮೀಟರಿನ ಸಾವಿರದ ಕೆಲವೇ ಭಾಗದಷ್ಟು; ತಲೆಗೂದಲೂ ಅದಕ್ಕಿಂತ ಹತ್ತಾರು ಪಟ್ಟು ದಪ್ಪ. ನೀಲಿ ಚುಕ್ಕೆಗಳು ಎಲ್ಲೆಡೆ ಸಮನಾಗಿ ಮೂಡುವವರೆಗೂ ಈ ಕೆಲಸ ನಡೆಯುತ್ತದೆ. ಹೆರೆದ ಗುರುತಿನ ಸಣ್ಣ ತಗ್ಗುಗಳಲ್ಲಿ ಎಣ್ಣೆ ನಿಂತು ಜಾರುವ ಭಾಗ ಸವೆಯದಂತೆ ಕಾಯುತ್ತದೆ. ಈಗ ಬಹುಮಟ್ಟಿಗೆ ಗ್ರೈಂಡಿಂಗ್ ಯಂತ್ರಗಳೇ ಈ ಕೆಲಸ ಮಾಡುತ್ತಿದ್ದರೂ, ಹಳೆಯ ಲೇತ್‌ಗಳನ್ನು ಪುನಶ್ಚೇತನಗೊಳಿಸುವಾಗ ಹೆರೆಯುವ ಕೈಯೇ ಬೇಕು. ಎಷ್ಟು ಒತ್ತಬೇಕೆಂಬುದನ್ನು ಯಾವ ಪುಸ್ತಕವೂ ಹೇಳಿಕೊಡಲಾರದು. ಹಿರಿಯನ ಪಕ್ಕದಲ್ಲಿ ವರ್ಷಗಟ್ಟಲೆ ನಿಂತು ಕಲಿಯಬೇಕು.

ಆ ಕಾರಣದಿಂದಲೇ ದೊಡ್ಡ ಕಾರ್ಖಾನೆ ಸ್ವತಃ ಒಂದು ಶಾಲೆ. ಈ ಶತಮಾನದ ಆರಂಭದ ವರ್ಷಗಳಲ್ಲಿ ಹರಿಹರದ ಕಾರ್ಖಾನೆಯಲ್ಲಿ ಉತ್ಪಾದನೆ ಸ್ಥಗಿತಗೊಂಡು, ಕಂಪನಿ ಸಮಾಪನೆಗೆ ಒಳಗಾಯಿತು. ಕಾರ್ಮಿಕರು ಸಂಬಳ ಕಳೆದುಕೊಂಡ ಸಂಗತಿ ಸಾಕಷ್ಟು ಚರ್ಚೆಯಾಗಿದೆ. ಕಿರಿಯರು ಹಿರಿಯರ ಪಕ್ಕ ನಿಲ್ಲುವ ಜಾಗವೂ ಅದರೊಂದಿಗೆ ಹೋಯಿತೆಂಬುದು ಮಾತ್ರ ಅಷ್ಟಾಗಿ ಚರ್ಚೆಗೆ ಬಂದಿಲ್ಲ.

ಹಾಗೆಂದು ತರಬೇತಿ ಸಂಸ್ಥೆಗಳಿಗೆ ಕೊರತೆಯಿಲ್ಲ. ದಾವಣಗೆರೆಯಲ್ಲಿ ಐಟಿಐ, ಸರ್ಕಾರಿ ಪಾಲಿಟೆಕ್ನಿಕ್ ಇವೆ. ಹರಿಹರದಲ್ಲಿ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ (ಜಿಟಿಟಿಸಿ) ಇದೆ. ಡೆನ್ಮಾರ್ಕ್ ಸರ್ಕಾರದ ನೆರವಿನಿಂದ 1972ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಸಂಸ್ಥೆ ಇದು. ಎಸ್ಸೆಸ್ಸೆಲ್ಸಿ ಬಳಿಕ ಸೇರಬಹುದಾದ ಇದರ ಟೂಲ್ ಅಂಡ್ ಡೈ ಮೇಕಿಂಗ್ ಡಿಪ್ಲೊಮಾದಲ್ಲಿ ಮೂರು ವರ್ಷದ ಪಾಠದ ನಂತರ ಒಂದು ವರ್ಷ ಕಾರ್ಖಾನೆಯಲ್ಲಿ ತರಬೇತಿ ಕಡ್ಡಾಯ. ಐಟಿಐಗಳಲ್ಲಿ ಫಿಟ್ಟರ್, ಟರ್ನರ್, ಮೆಷಿನಿಸ್ಟ್ ಕೋರ್ಸ್‌ಗಳಿಗೆ ಎರಡು ವರ್ಷ, ವೆಲ್ಡರ್‌ಗೆ ಒಂದು ವರ್ಷ. ವೆಲ್ಡರ್ ಕೋರ್ಸಿಗೆ ಎಂಟನೇ ತರಗತಿ ಪಾಸಾಗಿದ್ದರೂ ಸಾಕು. 2022ರ ಜೂನ್‌ನಲ್ಲಿ ರಾಜ್ಯದ 150 ಐಟಿಐಗಳನ್ನು ಟಾಟಾ ಟೆಕ್ನಾಲಜೀಸ್ ಸಹಯೋಗದಲ್ಲಿ ಮೇಲ್ದರ್ಜೆಗೇರಿಸಿ ಉದ್ಘಾಟಿಸಲಾಯಿತು.

ತೊಡಕಿರುವುದು ಮುಂದಿನ ಮೆಟ್ಟಿಲಿನಲ್ಲಿ. 1961ರ ಅಪ್ರೆಂಟಿಸ್ ಕಾಯ್ದೆಯಡಿ, 2019ರಲ್ಲಿ ತಿದ್ದುಪಡಿಯಾದ ನಿಯಮಗಳಂತೆ, 30 ಅಥವಾ ಅದಕ್ಕಿಂತ ಹೆಚ್ಚು ಕೆಲಸಗಾರರಿರುವ ಸಂಸ್ಥೆಗಳು ತಮ್ಮ ಸಿಬ್ಬಂದಿಯ ಶೇ. 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು. 4ರಿಂದ 29 ಮಂದಿಯಿರುವ ಕಡೆ ಅದು ಮಾಲೀಕರ ಇಚ್ಛೆಗೆ ಬಿಟ್ಟದ್ದು. ಎರಡು ಲೇತ್, ಒಂದು ಡ್ರಿಲ್ಲಿಂಗ್ ಯಂತ್ರ ಇಟ್ಟುಕೊಂಡು ಜಾಬ್‌ವರ್ಕ್ ಮಾಡುವ ಶೆಡ್ಡಿಗೆ ಕಾನೂನಿನ ಒತ್ತಾಯವೇ ಇಲ್ಲ. ಇಂಥ ಶೆಡ್ಡುಗಳಲ್ಲಿ ಹುಡುಗರು ಕೆಲಸ ಕಲಿಯುವುದಿಲ್ಲವೆಂದಲ್ಲ. ಅಪ್ರೆಂಟಿಸ್ ಎಂದು ನೋಂದಣಿಯಾಗದೆ ಕಲಿತವನ ಕೈಗೆ ಪ್ರಮಾಣಪತ್ರ ಬರುವುದಿಲ್ಲ. ಇತ್ತ ಪ್ರಮಾಣಪತ್ರ ಹಿಡಿದು ಬಂದವನಿಗೆ ಮಾಲೀಕ ಲೇತಿನ ಹ್ಯಾಂಡಲ್ ಕೊಡಲು ಹಿಂಜರಿಯುತ್ತಾನೆ. ಒಂದು ತುಂಡು ಕೆಟ್ಟರೂ ನಷ್ಟ ಅವನದೇ. ಸಣ್ಣ ಘಟಕಗಳು ಒಟ್ಟುಗೂಡಿ ಅಪ್ರೆಂಟಿಸ್‌ಗಳನ್ನು ಹಂಚಿಕೊಳ್ಳುವ ವ್ಯವಸ್ಥೆ ಹರಿಹರದಂಥ ಊರಿಗೆ ಹೊಸ ಯಂತ್ರಗಳಿಗಿಂತ ಹೆಚ್ಚು ಅಗತ್ಯವೆನಿಸುತ್ತದೆ.

ಮಕ್ಕಳನ್ನು ಈ ಕ್ಷೇತ್ರಕ್ಕೆ ಕಳಿಸಬಯಸುವ ಪೋಷಕರು ಖಾಸಗಿ ಐಟಿಐ ಸೇರಿಸುವ ಮುನ್ನ ಒಂದನ್ನು ವಿಚಾರಿಸಬೇಕು. ಮಾನ್ಯತೆ ದೊರೆಯುವುದು ಇಡೀ ಸಂಸ್ಥೆಗಲ್ಲ, ಒಂದೊಂದು ಟ್ರೇಡಿಗೆ. ಫಿಟ್ಟರ್‌ಗೆ ಮಾನ್ಯತೆಯಿದ್ದ ಮಾತ್ರಕ್ಕೆ ಟರ್ನರ್‌ಗೂ ಇರುತ್ತದೆಂದಲ್ಲ. ಅಖಿಲ ಭಾರತ ಟ್ರೇಡ್ ಪರೀಕ್ಷೆ ಪಾಸಾದವರಿಗೆ ರಾಷ್ಟ್ರೀಯ ಟ್ರೇಡ್ ಪ್ರಮಾಣಪತ್ರ (ಎನ್‌ಟಿಸಿ), ನೋಂದಾಯಿತ ಅಪ್ರೆಂಟಿಸ್ ತರಬೇತಿ ಪೂರೈಸಿ ಅದರ ಪರೀಕ್ಷೆ ಪಾಸಾದವರಿಗೆ ರಾಷ್ಟ್ರೀಯ ಅಪ್ರೆಂಟಿಸ್‌ಷಿಪ್ ಪ್ರಮಾಣಪತ್ರ (ಎನ್‌ಎಸಿ) ದೊರೆಯುತ್ತದೆ. ಎರಡೂ ಬೇರೆ ಬೇರೆ.