ಶ್ವಾಸಕೋಶ ಕೈಕೊಟ್ಟಾಗ: ಯಂತ್ರ ಎಷ್ಟು, ಕೈಗಳು ಎಷ್ಟು?

ಐಸಿಯು ಹೊರಗೆ ಕಾಯುವ ಸಂಬಂಧಿಕರು ಈಗೀಗ ನನ್ನನ್ನು ಕೇಳೋದು ಒಂದೇ ಮಾತು: ‘ಡಾಕ್ಟ್ರೇ, ಎಕ್ಮೋ ಹಾಕಿಸಿದ್ರೆ ಉಳೀತಾರಾ?’ ಕೋವಿಡ್ ಕಾಲದಲ್ಲಿ ಟಿವಿ ಕಲಿಸಿದ ಪದ ಅದು. ದಿಢೀರನೆ ಶ್ವಾಸಕೋಶ ವಿಫಲವಾದವರಿಗೆ ಯಾವ ಚಿಕಿತ್ಸೆ ನಿಜಕ್ಕೂ ಜೀವ ಉಳಿಸುತ್ತದೆ ಅನ್ನೋದು ಗೊತ್ತಾದರೆ, ಸರ್ಕಾರಿ ಆಸ್ಪತ್ರೆಗೆ ಏನು ಬೇಕು ಎಂದು ನಾವು ಕೇಳುವ ಪ್ರಶ್ನೆಯೂ ಬದಲಾಗುತ್ತದೆ.

ಈ ಸ್ಥಿತಿಯನ್ನು ವೈದ್ಯರು ಎಆರ್‌ಡಿಎಸ್ ಅಂತಾರೆ. 1967ರಲ್ಲಿ ಅಮೆರಿಕದ ವೈದ್ಯರು 12 ರೋಗಿಗಳ ವಿವರದೊಂದಿಗೆ ಇದನ್ನು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಮೊದಲು ವರ್ಣಿಸಿದರು. ಇದು ಒಂದು ರೋಗವಲ್ಲ, ಹಲವು ರೋಗಗಳು ಬಂದು ಸೇರುವ ಜಾಗ. ನ್ಯುಮೋನಿಯಾ, ರಕ್ತಕ್ಕೆ ನಂಜೇರುವುದು, ಫ್ಲೂ, ಕೋವಿಡ್. ನಮ್ಮ ಕಡೆ ಇಲಿ ಜ್ವರ, ಮಲೇರಿಯಾ, ಸ್ಕ್ರಬ್ ಟೈಫಸ್ ಕೂಡ. ಶ್ವಾಸಕೋಶದ ಪುಟ್ಟ ಗಾಳಿಚೀಲಗಳ ಗೋಡೆ ಸೋರಿ ಒಳಗೆ ನೀರು ತುಂಬುತ್ತದೆ, ಎಷ್ಟು ಆಮ್ಲಜನಕ ಕೊಟ್ಟರೂ ರಕ್ತಕ್ಕೆ ಸೇರುವುದಿಲ್ಲ. 2016ರಲ್ಲಿ ಪ್ರಕಟವಾದ 50 ದೇಶಗಳ ಅಧ್ಯಯನದಲ್ಲಿ, ತೀವ್ರ ಎಆರ್‌ಡಿಎಸ್ ಆದವರಲ್ಲಿ ಶೇ. 46ರಷ್ಟು ಜನ ಆಸ್ಪತ್ರೆಯಲ್ಲೇ ತೀರಿಕೊಂಡಿದ್ದರು.

ವೆಂಟಿಲೇಟರ್ ಇದನ್ನು ಗುಣಪಡಿಸಲ್ಲ. ಮೂಲ ಕಾಯಿಲೆಗೆ ಔಷಧಿ ಕೆಲಸ ಮಾಡುವವರೆಗೆ ಟೈಮ್ ಕೊಡುತ್ತೆ, ಅಷ್ಟೇ. ತಪ್ಪಾಗಿ ನಡೆಸಿದರೆ ಅದೇ ಕೊಲ್ಲಬಹುದು. ಕಾರಣ ಸರಳ: ನೀರು ತುಂಬಿದ ಶ್ವಾಸಕೋಶದಲ್ಲಿ ಗಾಳಿಯಾಡಲು ಉಳಿದಿರುವುದು ಮಗುವಿನ ಶ್ವಾಸಕೋಶದಷ್ಟು ಜಾಗ. ಅಲ್ಲಿಗೆ ದೊಡ್ಡವರ ಉಸಿರು ತಳ್ಳಿದರೆ, ಚೆನ್ನಾಗಿದ್ದ ಭಾಗವೂ ಹಿಗ್ಗಿ ಹಾಳಾಗುತ್ತದೆ. 2000ದಲ್ಲಿ ಪ್ರಕಟವಾದ, 861 ರೋಗಿಗಳಿದ್ದ ಅಮೆರಿಕದ ಪ್ರಯೋಗದಲ್ಲಿ ಪ್ರತಿ ಉಸಿರನ್ನು ಕಿಲೋಗೆ 12 ಮಿಲಿಲೀಟರ್‌ನಿಂದ 6ಕ್ಕೆ ಇಳಿಸಿದಾಗ, ಸಾವಿನ ಪ್ರಮಾಣ ಶೇ. 39.8ರಿಂದ 31ಕ್ಕೆ ಇಳಿಯಿತು. ಹೊಸ ಯಂತ್ರ ಬೇಕಾಗಲಿಲ್ಲ, ತಿರುಗಿಸಿದ್ದು ಗುಂಡಿಯನ್ನು.

ಇಲ್ಲಿ ಒಂದು ಸೂಕ್ಷ್ಮ ಇದೆ. ಆ ‘ಕಿಲೋ’ ತಕ್ಕಡಿಯ ತೂಕವಲ್ಲ, ಎತ್ತರದಿಂದ ಲೆಕ್ಕ ಹಾಕಿದ ತೂಕ. ದಪ್ಪಗಾದರೆ ಶ್ವಾಸಕೋಶ ದೊಡ್ಡದಾಗಲ್ಲವಲ್ಲ! 155 ಸೆಂ.ಮೀ. ಎತ್ತರದ ಹೆಂಗಸಿಗೆ ಲೆಕ್ಕ ಸುಮಾರು 48 ಕಿಲೋ. ಅಂದರೆ ಒಂದು ಉಸಿರಿಗೆ 290 ಮಿಲಿಲೀಟರ್ ಒಳಗೆ. ಎತ್ತರ ಅಳೆಯದೆ ಅಂದಾಜಿನಲ್ಲಿ 450 ಇಟ್ಟರೆ ಹೊಡೆತ ಬೀಳುವುದು ಕುಳ್ಳಗಿರುವವರಿಗೆ, ಅಂದರೆ ಹೆಚ್ಚಾಗಿ ಹೆಂಗಸರಿಗೆ. ಇದನ್ನು ತಡೆಯಲು ಬೇಕಿರೋದು ಒಂದು ಅಳತೆ ಟೇಪು.

ಎರಡನೆಯದು ಬೋರಲು ಮಲಗಿಸುವುದು. ಅಂಗಾತ ಮಲಗಿದಾಗ ಶ್ವಾಸಕೋಶದ ಬೆನ್ನಿನ ಭಾಗ ಹೃದಯದ, ಹೊಟ್ಟೆಯ ಭಾರಕ್ಕೆ ಕುಗ್ಗಿರುತ್ತದೆ, ಮಗುಚಿದರೆ ತೆರೆದುಕೊಳ್ಳುತ್ತದೆ. 2013ರಲ್ಲಿ ಬಂದ, ಬಹುಪಾಲು ಫ್ರಾನ್ಸ್‌ನ ಐಸಿಯುಗಳಲ್ಲಿ ನಡೆದ ಪ್ರಯೋಗದಲ್ಲಿ ಒಂದು ಸಲಕ್ಕೆ ಕನಿಷ್ಠ 16 ಗಂಟೆ ಬೋರಲು ಮಲಗಿಸಿದವರಲ್ಲಿ 28 ದಿನಗಳ ಸಾವು ಶೇ. 16, ಅಂಗಾತ ಇದ್ದವರಲ್ಲಿ ಶೇ. 32.8. ಇಷ್ಟು ಲಾಭ ಕೊಟ್ಟ ಚಿಕಿತ್ಸೆ ಐಸಿಯುನಲ್ಲಿ ತೀರಾ ಕಮ್ಮಿ. ಆದರೂ 50 ದೇಶಗಳ ಅದೇ ಅಧ್ಯಯನದಲ್ಲಿ ತೀವ್ರ ಎಆರ್‌ಡಿಎಸ್ ರೋಗಿಗಳಲ್ಲಿ ಇದು ಸಿಕ್ಕಿದ್ದು ಶೇ. 16ರಷ್ಟು ಜನಕ್ಕೆ ಮಾತ್ರ. ಯಾಕೆ? ಬಾಯಲ್ಲಿ ಟ್ಯೂಬ್, ಕುತ್ತಿಗೆಯಲ್ಲಿ ಲೈನ್ ಇರುವ ಮನುಷ್ಯನನ್ನು ಮಗುಚಲು ನಾಲ್ಕೈದು ಜನ ಬೇಕು. ಒಬ್ಬರು ಟ್ಯೂಬ್ ಹಿಡಿದೇ ಇರಬೇಕು. ಆಮೇಲೆ ಮುಖ, ಕಣ್ಣು, ಎದೆ ಒತ್ತಿ ಹುಣ್ಣಾಗದಂತೆ ನೋಡಿಕೊಳ್ಳಬೇಕು. ರಾತ್ರಿ ಪಾಳಿಯಲ್ಲಿ ಇಡೀ ವಾರ್ಡಿಗೆ ಇಬ್ಬರೇ ಸ್ಟಾಫ್ ನರ್ಸ್ ಇದ್ದರೆ ಈ ಚಿಕಿತ್ಸೆ ಪುಸ್ತಕದಲ್ಲೇ ಉಳಿಯುತ್ತೆ. ವೆಂಟಿಲೇಟರ್ ಉದ್ಘಾಟನೆಗೆ ಫೋಟೋ ಇರುತ್ತೆ. ಗುತ್ತಿಗೆ ನರ್ಸ್‌ಗಳ ಖಾಯಮಾತಿಗೆ ಯಾರು ರಿಬ್ಬನ್ ಕತ್ತರಿಸ್ತಾರೆ?

ಔಷಧಿಗಳಲ್ಲಿ ಹೇಳಿಕೊಳ್ಳುವಂಥದ್ದು ಡೆಕ್ಸಾಮೆಥಾಸೋನ್. 2020ರಲ್ಲಿ ಬ್ರಿಟನ್ನಿನ ರಿಕವರಿ ಪ್ರಯೋಗದಲ್ಲಿ, ವೆಂಟಿಲೇಟರ್‌ನಲ್ಲಿದ್ದ ಕೋವಿಡ್ ರೋಗಿಗಳ ಸಾವನ್ನು ಈ ಅಗ್ಗದ ಹಳೇ ಸ್ಟೀರಾಯ್ಡ್ ಶೇ. 41.4ರಿಂದ 29.3ಕ್ಕೆ ಇಳಿಸಿತು. ಬೇರೆ ಕಾರಣದ ಎಆರ್‌ಡಿಎಸ್‌ಗೂ ಸ್ಟೀರಾಯ್ಡ್ ಕೊಡುವುದುಂಟು, ಫ್ಲೂ ಇದ್ದರೆ ಮಾತ್ರ ಎಚ್ಚರ ಬೇಕು. ನೈಟ್ರಿಕ್ ಆಕ್ಸೈಡ್ ಅನಿಲ ಕೊಟ್ಟರೆ ಮಾನಿಟರ್‌ನಲ್ಲಿ ಆಮ್ಲಜನಕದ ಅಂಕಿ ಏರುತ್ತೆ, ಸಾವು ಇಳಿಯಲ್ಲ. ಡ್ರಿಪ್ ಕೈಬಿಗಿ ಹಿಡಿದು ಕೊಟ್ಟರೆ ವೆಂಟಿಲೇಟರ್‌ನಿಂದ ಬೇಗ ಬಿಡಿಸಬಹುದು.

ಇನ್ನು ಎಕ್ಮೋ. ರಕ್ತವನ್ನು ದೇಹದ ಹೊರಗೆ ತಂದು ಆಮ್ಲಜನಕ ಸೇರಿಸಿ ವಾಪಸ್ ಕಳಿಸುವ ಯಂತ್ರ. 2018ರ, 249 ರೋಗಿಗಳ ಪ್ರಯೋಗದಲ್ಲಿ 60 ದಿನಗಳ ಸಾವು ಎಕ್ಮೋ ಗುಂಪಿನಲ್ಲಿ ಶೇ. 35, ಉಳಿದವರಲ್ಲಿ 46. ಕೇಳೋಕೆ ದೊಡ್ಡ ಅಂತರವೇ. ಆದರೆ ಸಂಖ್ಯಾಶಾಸ್ತ್ರದ ಪ್ರಕಾರ ಖಚಿತವಾಗಿ ಸಾಬೀತಾಗಲಿಲ್ಲ. ಎಕ್ಮೋ ಮೋಸ ಅಂತ ನಾನು ಹೇಳುತ್ತಿಲ್ಲ. ಸಣ್ಣ ಉಸಿರು, ಬೋರಲು, ಎಲ್ಲ ಸರಿಯಾಗಿ ಮಾಡಿಯೂ ಸೋತ ಕೆಲವರಿಗೆ ಅದು ಕೊನೆಯ ದಾರಿ. ಬೋರಲು ಮಲಗಿಸದೆಯೇ ಎಕ್ಮೋ ಮಾತೆತ್ತುವ ಆಸ್ಪತ್ರೆಯಲ್ಲಿ ಮನೆಯವರು ‘ಯಾಕೆ ಮಲಗಿಸಿಲ್ಲ?’ ಎಂದು ಕೇಳಲೇಬೇಕು.

ಇದೆಲ್ಲಕ್ಕೂ ಮುಂಚೆ ಪೈಪಿನಲ್ಲಿ ಆಮ್ಲಜನಕ ಇರಬೇಕು. 2021ರ ಮೇ ತಿಂಗಳಲ್ಲಿ ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ ಅದೇ ಖಾಲಿಯಾಗಿತ್ತು.

ಬದುಕಿ ಮನೆಗೆ ಹೋದವರ ಕಥೆ ಅಲ್ಲಿಗೆ ಮುಗಿಯಲ್ಲ. ಎಆರ್‌ಡಿಎಸ್‌ನಿಂದ ಪಾರಾದವರನ್ನು 5 ವರ್ಷ ಹಿಂಬಾಲಿಸಿದ ಕೆನಡಾದ ಅಧ್ಯಯನವೊಂದರಲ್ಲಿ ಶ್ವಾಸಕೋಶ ಬಹುತೇಕ ಸರಿಹೋಗಿತ್ತು. ಆದರೆ 6 ನಿಮಿಷದಲ್ಲಿ ಅವರು ನಡೆಯುತ್ತಿದ್ದ ದೂರ, ಅವರ ವಯಸ್ಸಿನವರಿಂದ ನಿರೀಕ್ಷಿಸುವುದರ ಮುಕ್ಕಾಲು ಭಾಗ ಮಾತ್ರ. ಕೂಲಿ ಮಾಡಿ ಉಣ್ಣುವವರಿಗೆ ಉಳಿದ ಕಾಲು ಭಾಗ ಅಂದರೆ ಸಂಬಳ.