ಶ್ಲೇಷೆಯನ್ನು ಸಹಿಸದ ಭಾಷೆಗಳು

ಕಾವ್ಯದಲ್ಲಿ ಶ್ಲೇಷೆ ಅಲಂಕಾರ. ‘ಅರಸು’ ಎಂಬ ಒಂದೇ ಪದ ದೊರೆಯನ್ನೂ ಹುಡುಕುವ ಕ್ರಿಯೆಯನ್ನೂ ಹೊತ್ತು ನಿಂತರೆ ನಾವು ಕವಿಯ ಚಾತುರ್ಯಕ್ಕೆ ತಲೆದೂಗುತ್ತೇವೆ. ಗಣಕಕ್ಕಾಗಿ ರಚಿತವಾದ ಭಾಷೆಗಳಲ್ಲಿ ಇದೇ ಗುಣ ದೋಷವಾಗುತ್ತದೆ. ಆ ದೋಷವನ್ನು ಗುರುತಿಸಿ ಎಚ್ಚರಿಸಲು ಯಂತ್ರ ಕಲಿತದ್ದಕ್ಕೆ ಒಂದು ಇತಿಹಾಸವಿದೆ. ಹೈದರಾಬಾದಿಗೂ ಅದರಲ್ಲಿ ಪಾಲಿದೆ.

ಬೀಗ ಹಾಕು, ರುಜು ಹಾಕು, ಅಂಗಿ ಹಾಕು: ಇಲ್ಲಿ ಕ್ರಿಯಾಪದ ಒಂದೇ, ಕರ್ಮಪದವು ಅರ್ಥವನ್ನು ನಿರ್ಣಯಿಸುತ್ತದೆ. ಪ್ರೋಗ್ರಾಮಿಂಗಿನಲ್ಲಿ ಇದಕ್ಕೆ ಮೆಥಡ್ ಓವರ್‌ಲೋಡಿಂಗ್ ಎಂದು ಹೆಸರು. ಒಂದೇ ಹೆಸರಿನ ಹಲವು ಮೆಥಡ್‌ಗಳಲ್ಲಿ ಯಾವುದನ್ನು ಕರೆಯಬೇಕೆಂಬುದನ್ನು, ಕೊಟ್ಟ ಮೌಲ್ಯದ ಜಾತಿಯನ್ನು ನೋಡಿ ಕಂಪೈಲರ್ ತೀರ್ಮಾನಿಸುತ್ತದೆ. ಎರಡು ಮೆಥಡ್‌ಗಳು ಸಮಾನವಾಗಿ ಹೊಂದಿದಾಗ ಏನು ಮಾಡಬೇಕು ಎಂಬುದೇ ಪ್ರಶ್ನೆ.

ಪ್ರಶ್ನೆ ಹೊಸದಲ್ಲ. ಸಮಬಲದ ಎರಡು ಸೂತ್ರಗಳು ಒಂದೆಡೆ ಎದುರಾದರೆ ನಂತರದ ಸೂತ್ರವೇ ನಡೆಯತಕ್ಕದ್ದೆಂದು ಪಾಣಿನಿ ಅಷ್ಟಾಧ್ಯಾಯಿಯಲ್ಲಿ ವಿಧಿಸಿದ್ದಾನೆ. ಬ್ಯಾರ್ನೆ ಸ್ಟ್ರೌಸ್ಟ್ರುಪ್ ಬೆಲ್ ಲ್ಯಾಬ್ಸ್‌ನಲ್ಲಿ ರೂಪಿಸಿ 1985ರಲ್ಲಿ ಹೊರತಂದ ಸಿ ಪ್ಲಸ್ ಪ್ಲಸ್ ಭಾಷೆಯಲ್ಲಿಯೂ ಮೊದಲಿಗೆ ಘೋಷಣೆಗಳ ಕ್ರಮ ಈ ಆಯ್ಕೆಯ ಮೇಲೆ ಪ್ರಭಾವ ಬೀರುತ್ತಿತ್ತು. ಆದರೆ ಪಾಣಿನಿಯ ಕ್ರಮ ಉದ್ದೇಶಪೂರ್ವಕವಾದದ್ದು. ಪ್ರೋಗ್ರಾಮಿನ ಸಾಲುಗಳ ಕ್ರಮ ಅನೇಕ ವೇಳೆ ಆಕಸ್ಮಿಕ. ಸಾಲುಗಳು ಸ್ಥಾನ ಬದಲಿಸಿದರೆ ಅರ್ಥವೂ ಬದಲಾಗಬಹುದಿತ್ತು. 1989ರ ಎರಡನೆಯ ಆವೃತ್ತಿ ಆ ಅವಲಂಬನೆಯನ್ನು ತೆಗೆದುಹಾಕಿತು. ಸಮಬಲವಿದ್ದರೆ ದೋಷವೆಂದು ಸಾರಿ ನಿಲ್ಲುವುದು ಕಂಪೈಲರಿನ ಧರ್ಮವಾಯಿತು.

ಆದರೂ ನಿಂತುಹೋಗುವ ಕಂಪೈಲರಿಗಿಂತ ಮೌನವಾಗಿ ಆರಿಸುವ ಕಂಪೈಲರ್ ಹೆಚ್ಚು ಅಪಾಯಕಾರಿ. ಜಾವಾ ಭಾಷೆಯ ಪಟ್ಟಿಗಳಲ್ಲಿ ‘ರಿಮೂವ್’ ಎಂಬ ಹೆಸರಿನ ಎರಡು ಮೆಥಡ್‌ಗಳಿವೆ. ಒಂದು ಸ್ಥಾನವನ್ನು ನೋಡಿ ತೆಗೆಯುತ್ತದೆ, ಇನ್ನೊಂದು ವಸ್ತುವನ್ನು ನೋಡಿ. 2004ರ ಐದನೆಯ ಆವೃತ್ತಿಯಲ್ಲಿ ಸಂಖ್ಯೆಗಳು ತಾವಾಗಿಯೇ ವಸ್ತುಗಳಾಗಿ ಪರಿವರ್ತನೆಗೊಳ್ಳುವ ಸೌಕರ್ಯ ಬಂದ ಮೇಲೆ ತೊಡಕು ಹುಟ್ಟಿತು. 3, 2, 1 ಎಂಬ ಪಟ್ಟಿಯಿಂದ 1ನ್ನು ತೆಗೆಯೆಂದರೆ ಹೊರಬೀಳುವುದು 2. ಎಣಿಕೆ ಸೊನ್ನೆಯಿಂದ ಆರಂಭವಾಗುವುದರಿಂದ ಒಂದನೆಯ ಸ್ಥಾನದಲ್ಲಿರುವುದು ಅದೇ. ಹಳೆಯ ಪ್ರೋಗ್ರಾಮುಗಳ ಅರ್ಥ ಕೆಡದಿರಲೆಂದು ಪರಿವರ್ತನೆಯಿಲ್ಲದ ಹೊಂದಾಣಿಕೆಗೆ ಮೊದಲ ಮನ್ನಣೆ ಕೊಟ್ಟಿದ್ದಾರೆ. ನಿಯಮ ನ್ಯಾಯವಾದದ್ದೇ. ಆದರೆ ಅಳಿಸಿಹೋದ ಮಾಹಿತಿ ಯಾರದೋ ಖಾತೆಯದಾಗಿದ್ದರೆ ಆ ನ್ಯಾಯ ಸಮಾಧಾನ ತರದು.

ಎರಡು ಪದಸಂಪತ್ತುಗಳು ಕೂಡುವಲ್ಲಿ ಇಂಥ ತೊಡಕುಗಳು ಹೆಚ್ಚು. ಮೈಕ್ರೋಸಾಫ್ಟ್ 1998ರಲ್ಲಿ ಹೈದರಾಬಾದಿನಲ್ಲಿ ಅಭಿವೃದ್ಧಿ ಕೇಂದ್ರವನ್ನು ತೆರೆಯಿತು. ಜಾವಾ ಬಲ್ಲವರು ಡಾಟ್‌ನೆಟ್ ವೇದಿಕೆಗಾಗಿ ಬರೆಯಲು ಅನುವಾಗುವಂತೆ ಅಲ್ಲಿ ಸಿದ್ಧವಾದ ‘ಜೆ ಶಾರ್ಪ್’ 2002ರಲ್ಲಿ ಬಿಡುಗಡೆಯಾಯಿತು. ಜಾವಾದಲ್ಲಿ ‘ಬೈಟ್’ ಎಂದರೆ -128ರಿಂದ 127ರವರೆಗಿನ ಸಂಖ್ಯೆ. ಡಾಟ್‌ನೆಟ್‌ನಲ್ಲಿ ಅದೇ ಹೆಸರು 0ಯಿಂದ 255ರವರೆಗೆ. ಕನ್ನಡದ ‘ಅವಸರ’ ಆತುರವನ್ನು ಸೂಚಿಸಿದರೆ ತೆಲುಗಿನ ‘ಅವಸರಂ’ ಅಗತ್ಯವನ್ನು ಸೂಚಿಸುವಂತೆಯೇ ಇದು. ಗೊಂದಲವನ್ನು ತಪ್ಪಿಸಲು ಜೆ ಶಾರ್ಪ್ ‘ಯುಬೈಟ್’ ಎಂಬ ಬೇರೆಯೇ ಹೆಸರನ್ನು ಸೇರಿಸಬೇಕಾಯಿತು. 2007ರಲ್ಲಿ ಈ ಭಾಷೆಯ ನಿವೃತ್ತಿಯ ಘೋಷಣೆಯಾಯಿತು. ಅದು ಕಲಿಸಿದ ಪಾಠ ಉಳಿದಿದೆ.

2014ರ ಜಾವಾ ಎಂಟನೆಯ ಆವೃತ್ತಿಯಲ್ಲಿ ಲ್ಯಾಂಬ್ಡಾ ಎಂಬ ಹೆಸರಿಲ್ಲದ ಕ್ರಿಯೆಗಳು ಬಂದಾಗ ಸಂದಿಗ್ಧತೆ ಮತ್ತಷ್ಟು ಬೆಳೆಯಿತು. ಆಗ ಕಂಪೈಲರಿಗೆ ಹೊಸದೊಂದು ಎಚ್ಚರಿಕೆಯನ್ನು ಕಲಿಸಿದರು: ಎರಡು ಮೆಥಡ್‌ಗಳು ಮುಂದೆ ಗೊಂದಲ ತರಬಹುದೆಂದು, ಅವುಗಳನ್ನು ಕರೆಯುವ ಮೊದಲೇ, ಬರೆದ ಸ್ಥಳದಲ್ಲಿಯೇ ಹೇಳುವುದು. ಅದೂ ಕೇಳಿದವರಿಗೆ ಮಾತ್ರ; ‘ರಿಮೂವ್’ ತೊಡಕಿಗೆ ಅದು ಪರಿಹಾರವಲ್ಲ.

ಇಂಥ ಎಚ್ಚರಿಕೆಯನ್ನು ಪರೀಕ್ಷಿಸುವ ಕ್ರಮ ಸರಳವಾಗಿದೆ. ಬೇಕೆಂದೇ ಸಂದಿಗ್ಧವಾಗಿ ಬರೆದ ಮಾದರಿಯನ್ನು ಕಂಪೈಲರಿಗೆ ಒಪ್ಪಿಸಿ, ಅದು ಹೇಳಿದ್ದನ್ನು ಮೊದಲೇ ಬರೆದಿಟ್ಟ ಉತ್ತರದೊಡನೆ ಸಾಲುಸಾಲಾಗಿ ಹೋಲಿಸುತ್ತಾರೆ. ಕಷ್ಟದ ಭಾಗ ಮತ್ತೊಂದಿದೆ: ಸಂದೇಹವಿಲ್ಲದ ಕಡೆ ಅದು ಸುಮ್ಮನಿರುತ್ತದೆಯೇ ಎಂದೂ ನೋಡಬೇಕು. ಸುಮ್ಮಸುಮ್ಮನೆ ಕೂಗುವ ಕಾವಲುಗಾರನ ಮಾತನ್ನು ಕಳ್ಳ ಬಂದ ದಿನವೂ ಯಾರೂ ಕೇಳುವುದಿಲ್ಲ.

ಇದೇ ಹೈದರಾಬಾದಿನ ಕೇಂದ್ರೀಯ ವಿಶ್ವವಿದ್ಯಾಲಯವು 1990ರ ದಶಕದಲ್ಲಿ ಕಾನ್ಪುರದ ಐಐಟಿಯೊಡನೆ ‘ಅನುಸಾರಕ’ದ ಕೆಲಸದಲ್ಲಿ ತೊಡಗಿತ್ತು. ಕನ್ನಡ, ತೆಲುಗು ಮೊದಲಾದ ಭಾಷೆಗಳ ಪಠ್ಯವನ್ನು ಹಿಂದಿ ಓದುಗರಿಗೆ ಎಟುಕಿಸುವುದು ಅದರ ಗುರಿ. ಯಂತ್ರಕ್ಕೆ ತಿಳಿಯದ್ದನ್ನು ನಯವಾದ ವಾಕ್ಯದ ಹಿಂದೆ ಮರೆಮಾಡದೆ, ಮೂಲದ ಸಂದಿಗ್ಧತೆಯನ್ನು ಓದುಗನ ವಿವೇಚನೆಗೆ ಬಿಡುವುದು ಆ ಯೋಜನೆಯ ತತ್ತ್ವವಾಗಿತ್ತು. ಕಂಪೈಲರ್ ಕಟ್ಟಿದವರೂ ಭಾಷಾಂತರಕ್ಕೆ ಹೊರಟವರೂ ಬೇರೆ ಬೇರೆ ದಾರಿಗಳಲ್ಲಿ ನಡೆದು ತಲುಪಿದ ಸತ್ಯವೊಂದೇ. ಎರಡರ್ಥವಿರುವಲ್ಲಿ ಒಂದನ್ನು ಗುಟ್ಟಾಗಿ ಆರಿಸಿಕೊಳ್ಳುವ ಜಾಣ ಯಂತ್ರಕ್ಕಿಂತ, ತನಗೆ ಸಂದೇಹವಿದೆಯೆಂದು ಒಪ್ಪಿಕೊಳ್ಳುವ ಯಂತ್ರವನ್ನು ನಾವು ಹೆಚ್ಚು ನಂಬಬಹುದು.